ಮಾಲೀಸಿನ ದುಂಡಪ್ಪ ಕಟ್ಟಿದ ಬಾಜಿ

"ಅಜ್ಜಾರ, ಆಟದ ಮ್ಯಾಲ ಬಾಜಿ ಕಟ್ಟಬ್ಯಾಡ್ರಿ ಅಂತ ಎಲ್ಲಾರಿಗೂ ಹೇಳ್ತೀರಿ. ಆಟ ತಿಳಿಯದವ ಕಟ್ಟಿದ್ರ ಅದು ಜೂಜು, ಒಪ್ಪಿದೆ. ಆಟ ತಿಳಿದವ ಹೊರಗ ನಿಂತು, ತನ್ನ ತಿಳಿವಳಿಕಿ ಮ್ಯಾಲ ಕಟ್ಟಿದ್ರ ಯಾರಿಗೇನು ಲುಕ್ಸಾನು?"

ಹೀಗೆ ಕೇಳಿದವನು ಸೋಮಲಿಂಗ. ತಾಲೂಕಿನ ಕಬಡ್ಡಿ ತಂಡವನ್ನು ತಯಾರು ಮಾಡುವವನು. ಹುಡುಗರಿಗೆ ಪಟ್ಟು ಹೇಳಿಕೊಡುವುದು, ಉಳುಕಿದ ಕಾಲಿಗೆ ಪಟ್ಟಿ ಕಟ್ಟುವುದು, ಯಾರು ಆಡಬೇಕು ಯಾರು ಕೂಡಬೇಕು ಅನ್ನುವುದು, ಎಲ್ಲ ಅವನದೇ. ಮರುದಿನ ಜಿಲ್ಲೆಯ ಕೊನೆಯ ಆಟವಿತ್ತು. ದೊಡ್ಡ ಆಟದ ಹಿಂದಿನ ದಿನ ಮಠಕ್ಕೆ ಬಂದು ಅಲ್ಲಿಯ ಸ್ವಾಮಿಗಳಾದ ಅಜ್ಜನವರ ಕಾಲು ಮುಟ್ಟಿ ಹೋಗುವುದು ಅವನ ವಾಡಿಕೆ. ಈ ಸಲ ಕಾಲು ಮುಟ್ಟಿದವನು ಎದ್ದು ಹೋಗಲಿಲ್ಲ. ಅಲ್ಲೇ ಕೂತು ಈ ಪ್ರಶ್ನೆ ಕೇಳಿದ.

ಅಜ್ಜನವರು ಕಟ್ಟೆಯ ಮೇಲೆ ಕೂತು ಜೋಳದಲ್ಲಿ ಹರಳು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಪ್ರಶ್ನೆ ಚಲೋ ಐತಿ. ತೊಳದು, ಒರಸಿ, ತಯಾರ ಮಾಡಿಕೊಂಡ ತಂದೀ. ಕೂಡು, ಒಂದು ಕತಿ ಹೇಳ್ತೀನಿ. ನಡುವ ಬಾಯಿ ಹಾಕಬ್ಯಾಡ," ಎಂದು ಹೇಳಿ ಶುರು ಮಾಡಿದರು.

ಒಂದು ಊರು. ಹೆಸರು ಕೇಳಬೇಡ. ಹೆಸರು ಹೇಳಿದರೆ ಅಲ್ಲಿ ನಿನಗೆ ಯಾರೋ ಬೀಗರು ಇರುತ್ತಾರೆ, ನೀನು ಕತೆ ಬಿಟ್ಟು ಅವರ ಸುದ್ದಿ ತೆಗೆಯುತ್ತೀ. ಆ ಊರಿಗೊಂದು ಗರಡಿ ಮನೆ. ಗರಡಿಗೊಬ್ಬ ಮಾಲೀಸಿನವನು. ಅವನ ಹೆಸರು ದುಂಡಪ್ಪ.

ದುಂಡಪ್ಪ ಎಳ್ಳೆಣ್ಣೆಗೆ ಬೆಳ್ಳುಳ್ಳಿ, ಅಜವಾನ ಹಾಕಿ ಕಾಯಿಸಿ ಇಟ್ಟುಕೊಳ್ಳುತ್ತಿದ್ದ. ಪೈಲ್ವಾನರು ತಾಲೀಮು ಮುಗಿಸಿ ಚಪ್ಪಡಿ ಕಲ್ಲಿನ ಮೇಲೆ ಮೈ ಚೆಲ್ಲಿದರೆ, ಈತ ಆ ಎಣ್ಣೆ ಹಚ್ಚಿ ಕುತ್ತಿಗೆಯಿಂದ ಹಿಮ್ಮಡಿಯವರೆಗೆ ನೀವುತ್ತಿದ್ದ. ತೋಳು ಹಿಡಿದ, ಬಿಟ್ಟ. ಭುಜ ಒತ್ತಿದ, ಬಿಟ್ಟ. ಸೊಂಟ ಮುಟ್ಟಿದ, ಬಿಟ್ಟ. ಎಲ್ಲಿ ಬಿಡಲಿಲ್ಲವೋ ಅಲ್ಲಿ ನೋವಿದೆ ಎಂದು ಅರ್ಥ. ಎಷ್ಟೋ ಸಲ ಅದು ಪೈಲ್ವಾನನಿಗೆ ತಿಳಿಯುವ ಮೊದಲು ದುಂಡಪ್ಪನ ಹೆಬ್ಬೆರಳಿಗೆ ತಿಳಿಯುತ್ತಿತ್ತು.

ಗರಡಿಗೆ ಒಂದು ಕಟ್ಟಳೆ ಇತ್ತು. ಮಾಲೀಸಿನವನ ಕೈ ಕಂಡದ್ದು ಅವನ ಬಾಯಿಗೆ ಬರಬಾರದು. ಪೈಲ್ವಾನ ಎದುರಾಳಿಗೆ ಬೆನ್ನು ತೋರಿಸುವುದಿಲ್ಲ, ಹೆಂಡತಿಯ ಮುಂದೆ ನೋವು ಹೇಳುವುದಿಲ್ಲ, ಆದರೆ ಮಾಲೀಸಿನವನ ಮುಂದೆ ಬೋರಲು ಮಲಗುತ್ತಾನಲ್ಲ. ಅದಕ್ಕೇ ಕೆಲಸ ಹಿಡಿದ ದಿನ ಕುಸ್ತಿ ಕಲಿಸುವ ಉಸ್ತಾದರು ದುಂಡಪ್ಪನ ಅಂಗೈಯಲ್ಲಿ ಗರಡಿಯ ಮಣ್ಣು ಇಟ್ಟು ಆಣೆ ಹಾಕಿಸಿದ್ದರು. ಅವನೂ ಅದನ್ನು ಕಾಯ್ದುಕೊಂಡು ಬಂದಿದ್ದ. ಚಹಾದ ಅಂಗಡಿಯಲ್ಲಿ ಮಂದಿ ಕೆದಕುತ್ತಿದ್ದರು: ಯಾರು ಗೆಲ್ಲುತ್ತಾರೆ, ಒಂದು ಮಾತು ಹೇಳೋ ಮಾರಾಯ. ಈತ ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು ಕೂಡುತ್ತಿದ್ದ. ತುಂಬಿದ ಬಾಯಿಂದ ಯಾರು ಏನು ಹೊರಡಿಸಿಯಾರು?

ಇನ್ನೊಂದು ಕಟ್ಟಳೆಯನ್ನೂ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ತಲೆ ಕೆರೆದುಕೊಳ್ಳಬೇಡ. ಕುಸ್ತಿ ನಡೆದಾಗ ಪೈಲ್ವಾನನ ಕೈಕಾಲಿಗೆ ಕುತ್ತು ಬಂತು ಅನ್ನಿಸಿದರೆ ಅವನ ಮನೆಯ ಹಿರಿಯ ಕಣಕ್ಕಿಳಿದು ಮಣ್ಣು ಮುಟ್ಟಬಹುದು. ಮುಟ್ಟಿದ ಕೂಡಲೇ ಕುಸ್ತಿ ನಿಂತಿತು. ಅವನ ಪೈಲ್ವಾನ ಸೋತ ಹಾಗೆ, ಆದರೆ ಯಾರೂ ನಗುವಂತಿಲ್ಲ. ಹಿರಿಯರು ಬಿಡಿಸಿಕೊಂಡ ಸೋಲಿಗೆ ಅವಮಾನವಿಲ್ಲ ಎಂದು ಆ ಸೀಮೆಯ ಮಂದಿ ಒಪ್ಪಿಕೊಂಡಿದ್ದರು.

ದುಂಡಪ್ಪನಿಗೆ ಮಕ್ಕಳಿರಲಿಲ್ಲ. ಹೆಂಡತಿ ಬೇಗ ತೀರಿಕೊಂಡಿದ್ದಳು. ಸತ್ತುಹೋದ ಅಣ್ಣನ ಮಗ ಸತ್ಯಪ್ಪನನ್ನು ತಾನೇ ಸಾಕಿದ್ದ. ತನ್ನ ತಾಟಿನ ರೊಟ್ಟಿ ಕಡಿಮೆ ಮಾಡಿ ಹುಡುಗನ ಖುರಾಕಿಗೆ ಹಾಲು, ಬಾದಾಮಿ ತಂದಿದ್ದ. ಹುಡುಗ ಬೆಳೆದು ಆ ಗರಡಿಗೇ ದೊಡ್ಡ ಪೈಲ್ವಾನನಾದ. ಕಾಕಾ ಅಂದರೆ ಅವನಿಗೆ ತಂದೆ, ತಾಯಿ, ದೇವರು, ಎಲ್ಲ ಒಂದೇ.

ಆ ವರ್ಷ ಸತ್ಯಪ್ಪನಿಗೂ ಮೇಲೂರಿನ ಒಬ್ಬ ಪೈಲ್ವಾನನಿಗೂ ಜೋಡಿ ಕಟ್ಟಿದರು. ಗೆದ್ದವನಿಗೆ ದೇಸಾಯರ ಗರಡಿಯಲ್ಲಿ ಉಸ್ತಾದನ ಕೆಲಸ. ಅಂದರೆ ಜೀವಮಾನದ ಅನ್ನ. ಇಬ್ಬರೂ ಮಂದಿಯ ಮುಂದೆ ಕಣದ ಮಣ್ಣು ಹಿಡಿದರು. ಮಣ್ಣು ಹಿಡಿದ ಮೇಲೆ ಹಿಂದೆ ಸರಿಯುವ ಮಾತಿಲ್ಲ.

ಕುಸ್ತಿ ಹತ್ತಿರ ಬಂದಿತ್ತು. ಒಂದು ಸಂಜೆ ದುಂಡಪ್ಪ ಹುಡುಗನ ಮೈ ನೀವುತ್ತಿದ್ದ. ಎಡ ಮೊಳಕಾಲಿನ ಒಳಮಗ್ಗುಲಿಗೆ ಹೆಬ್ಬೆರಳು ಹೋದದ್ದು ಅಲ್ಲೇ ನಿಂತಿತು. ಮೇಲೆ ಬಾವಿಲ್ಲ, ಕೆಂಪಿಲ್ಲ. ಒಳಗೆ ಕೀಲು ಬಿಟ್ಟಿತ್ತು. ಕೊಂಚ ಒತ್ತಿದ. ಅಷ್ಟು ದೊಡ್ಡ ಪೈಲ್ವಾನ ಹಸುಗೂಸಿನ ಹಾಗೆ ಕಾಲು ಎಳೆದುಕೊಂಡ.

"ಯಾವಾಗ ಆತು ಇದು?"

"ಮೊನ್ನಿ, ತಾಲೀಮಿನಾಗ. ನಡದ್ರ ನೋಯಂಗಿಲ್ಲ ಕಾಕಾ."

"ಈ ಸಲ ಬಿಟ್ಟುಬಿಡು ಮಗನ."

"ಮಣ್ಣು ಹಿಡದೀನಿ. ಈಗ ಹಿಂದ ಸರದ್ರ ಮಂದಿಗೆ ಮಾರಿ ಹೆಂಗ ತೋರಸ್ಲಿ? ಈ ಕಾಲಿನ ಸುದ್ದಿ ನಿನಗ ಗೊತ್ತು, ನನಗ ಗೊತ್ತು. ಮೇಲೂರಂವಗ ತಿಳೀದಿದ್ರ ನಾ ಉಳಕೋತೀನಿ. ತಿಳಿದ್ರ ಕಾಲು ಹೋತು ಅಂತ ತಿಳಕೋ."

ದುಂಡಪ್ಪ ಹುಡುಗನ ತಲೆ ಸವರಿ, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟ.

ಈಗ ವ್ಯಾಪಾರಿಗೆ ಬರೋಣ. ಕತೆ ಎಂದ ಮೇಲೆ ಒಬ್ಬ ವ್ಯಾಪಾರಿ ಬೇಕಲ್ಲ. ಆ ಊರಲ್ಲಿ ಅಡತಿಯವನೊಬ್ಬ ಇದ್ದ. ಜೋಳ, ಕಡಲೆ ತೂಗುವ ತಕ್ಕಡಿಯ ಪಕ್ಕದಲ್ಲೇ ಕೂತು ಕುಸ್ತಿಯ ಬಾಜಿಯನ್ನೂ ಹಿಡಿಯುತ್ತಿದ್ದ. ನಗುಮುಖದವನು. ಹಬ್ಬಕ್ಕೆ ಬಡವರ ಮನೆಗೆ ಬೆಲ್ಲ ಕಳಿಸುವವನು. ನಡ ಹಿಡಿದುಕೊಂಡರೆ ದುಂಡಪ್ಪನನ್ನೇ ಕರೆಸಿ ನೀವಿಸಿಕೊಳ್ಳುವವನು. ಈ ಸಲ ಊರಿಗೆ ಊರೇ ಸತ್ಯಪ್ಪನ ಮೇಲೆ ಕಟ್ಟಿತ್ತು. ಸತ್ಯಪ್ಪ ಗೆದ್ದರೆ ವ್ಯಾಪಾರಿಯ ಪೆಟ್ಟಿಗೆ ಖಾಲಿ. ಅದಕ್ಕೇ ಮೇಲೂರವನ ಮೇಲೆ ಯಾರಾದರೂ ಒಂದು ಕಟ್ಟಿ ಗೆದ್ದರೆ ಐದು ಕೊಡುತ್ತೇನೆ ಎಂದು ಸಾರಿದ್ದ.

ದುಂಡಪ್ಪ ಗರಡಿಗೆ ಹೋಗುವ ದಾರಿ ಆ ಅಂಗಡಿಯ ಮುಂದೆಯೇ. ಎಂದೂ ಅಲ್ಲಿ ನಿಂತವನಲ್ಲ. ಆ ದಿನ ಚಪ್ಪಲಿಯೊಳಗೆ ಹರಳು ಸಿಕ್ಕವನ ಹಾಗೆ ನಿಂತ. ಒಂದಕ್ಕೆ ಐದು ಎಂದು ಯಾರೋ ಯಾರಿಗೋ ಹೇಳಿ ನಗುತ್ತಿದ್ದರು.

ಅವನ ತಲೆಯಲ್ಲಿ ಏನು ಓಡಿತು ಗೊತ್ತೇ? ಹುಡುಗ ಸೋಲುತ್ತಾನೆ. ನಾನು ಬಾಜಿ ಕಟ್ಟಿದರೂ ಸೋಲುತ್ತಾನೆ, ಕಟ್ಟದಿದ್ದರೂ ಸೋಲುತ್ತಾನೆ. ಸೋಲು ಅವನ ಕಾಲಿನಲ್ಲಿದೆ, ನನ್ನ ಕೈಯಲ್ಲಿಲ್ಲ. ಸೋತ ಪೈಲ್ವಾನನಿಗೆ ಖುರಾಕು ಯಾರು ಹಾಕುತ್ತಾರೆ? ಹೋಗುವ ಮಾನ ಹೋಗಿಯೇ ಹೋಗುತ್ತದೆ, ಮನೆಗೊಂದು ಎಮ್ಮೆಯಾದರೂ ಬರಲಿ. ಹಾಲು ಕುಡಿಯುವವನು ಅವನೇ ತಾನೆ! ಅಯ್ಯೋ ಸೋಮಲಿಂಗಾ, ಮನುಷ್ಯ ಅಡ್ಡದಾರಿ ಹಿಡಿದಾಗೆಲ್ಲ ಕೈಯಲ್ಲಿ ಯಾರದೋ ಹಾಲಿನ ಬಟ್ಟಲು ಹಿಡಿದುಕೊಂಡೇ ಹೊರಡುತ್ತಾನೆ. ಅವನ ಆ ಮಾತುಗಳಲ್ಲಿ ಒಂದಾದರೂ ಸುಳ್ಳು ಹುಡುಕು ನೋಡೋಣ. ನನಗಂತೂ ಸಿಕ್ಕಿಲ್ಲ.

ತಾನೇ ಹೋಗಿ ಕಟ್ಟುವಷ್ಟು ದಡ್ಡನಲ್ಲ ಅವನು. ಪರವೂರಿನಿಂದ ಸಂತೆಗೆ ಬರುವ ಒಬ್ಬ ಎಲೆ ಮಾರುವವನನ್ನು ಹಿಡಿದ. ಕೂಡಿಟ್ಟ ರೊಕ್ಕದ ಚೀಲವನ್ನು ಅವನ ಕೈಗಿಟ್ಟು, ಮೇಲೂರವನ ಮೇಲೆ ಕಟ್ಟಿ ಬಾ, ನನ್ನ ಹೆಸರು ಎತ್ತಬೇಡ ಎಂದ. ಎಲೆ ಮಾರುವವನು ಹೋದ, ಕಟ್ಟಿದ, ಯಾರ ಹೆಸರನ್ನೂ ಹೇಳದೆ ತನ್ನ ದಾರಿ ಹಿಡಿದ. ಆಣೆಯೂ ಉಳಿಯಿತು. ಬಾಯಿ ಬಿಟ್ಟಿದ್ದರೆ ತಾನೇ ಮುರಿಯುವುದು? ಆ ರಾತ್ರಿ ದುಂಡಪ್ಪ ಚೆನ್ನಾಗಿ ನಿದ್ದೆ ಮಾಡಿದ.

ಅಂಜಿಕೆ ಶುರುವಾದದ್ದು ಆಮೇಲೆ, ಅದೂ ಎಂಥ ಗಳಿಗೆಯಲ್ಲಿ ಎಂದು ಕೇಳು. ದಿನಾ ಎಣ್ಣೆ ಬಿದ್ದು, ಶಾಖ ಬಿದ್ದು, ಆ ಮೊಳಕಾಲು ಮೆಲ್ಲಗೆ ಕೂಡಿಕೊಳ್ಳತೊಡಗಿತ್ತು. ಹುಡುಗ ಖುಷಿಯಿಂದ ಕಾಲು ಮಡಚಿ ತೋರಿಸಿದ: "ಕಾಕಾ, ನೋವು ಕಡಿಮಿ ಆಗೇತಿ. ನಿನ್ನ ಕೈಗುಣ!"

ಹುಡುಗನ ಕಾಲು ವಾಸಿಯಾಗುತ್ತಿದೆ ಎಂದು ಕೇಳಿದ ಕೂಡಲೇ ದುಂಡಪ್ಪನಿಗೆ ಮೊದಲು ನೆನಪಾದದ್ದು ರೊಕ್ಕದ ಚೀಲ. ಸಂತೋಷ ಆಮೇಲೆ ಬಂತು, ತಡವಾಗಿ, ಕುಂಟುತ್ತಾ ಬಂತು. ತನ್ನೊಳಗೆ ಯಾರೋ ಬೇರೆಯವನು ಬಂದು ಕೂತಿದ್ದಾನೆ ಎಂದು ಅವನಿಗೆ ಭಯವಾಯಿತು. ಅಂದು ನೀವಿದನೋ? ನೀವಿದ. ಆದರೆ ಎಂದಿನ ಹಾಗೆ ಒತ್ತಿದನೋ, ಕೈ ಸ್ವಲ್ಪ ಹಗುರಾಯಿತೋ, ಅವನಿಗೇ ತಿಳಿಯಲಿಲ್ಲ. ಎಷ್ಟು ನೆನಪು ಮಾಡಿಕೊಂಡರೂ ತಿಳಿಯಲಿಲ್ಲ.

ಬಾಜಿ ಬಿಡಿಸಿಕೊಂಡು ಬರುತ್ತೇನೆ ಎಂದು ಹೊರಟ. ಎಲೆ ಮಾರುವವನು ಯಾವ ಸಂತೆಗೆ ಹೋಗಿದ್ದನೋ, ಸಿಗಲಿಲ್ಲ. ವ್ಯಾಪಾರಿಯ ಅಂಗಡಿಯ ಮೆಟ್ಟಿಲವರೆಗೆ ಹೋದ. ತಾನೇ ಬಾಯಿಬಿಟ್ಟು ಕೇಳಿದರೆ ಕಟ್ಟಿದವನು ತಾನೇ ಎಂದು ಗೊತ್ತಾಗುತ್ತದಲ್ಲ! ವ್ಯಾಪಾರಿ ಒಳಗಿನಿಂದಲೇ ನಕ್ಕು, "ಬಾ ದುಂಡಪ್ಪಾ, ನಡ ಯಾಕೋ ಹಿಡದೈತಿ," ಎಂದ. ಈತ ನಡ ನೀವಿ ಕೊಟ್ಟು ಬಂದ. ಬಾಜಿ ಹಾಗೇ ಉಳಿಯಿತು.

ಕುಸ್ತಿಯ ದಿನ ಬಂತು. ಹಲಗಿ ಬಾರಿಸಿದರು. ಕಣದ ಸುತ್ತ ಕಾಲಿಡಲು ಜಾಗವಿರಲಿಲ್ಲ. ದುಂಡಪ್ಪ ಹಿರಿಯರ ಸಾಲಿನಲ್ಲಿ, ಮಣ್ಣಿಗೆ ಹತ್ತಿರವಾಗಿ ಕೂತಿದ್ದ. ಅವನ ಎದುರಿಗೆ, ಕಣದ ಆಚೆ, ವ್ಯಾಪಾರಿ ಕೂತಿದ್ದ. ಸತ್ಯಪ್ಪ ಎರಡು ಕಾಲಿನ ಮೇಲೂ ಸರಿಯಾಗಿ ನಿಂತಿದ್ದ. ನೋಡಿದವರು ಯಾರೂ ಅನುಮಾನ ಪಡುವಂತಿರಲಿಲ್ಲ.

ಮೇಲೂರವನು ಮುಂದೆ ಬಂದ. ಆದರೆ ಪಟ್ಟು ಹಾಕಲಿಲ್ಲ. ಸತ್ಯಪ್ಪನ ಬಲದೋಳು ಹಿಡಿದು ಎಳೆದ, ಬಿಟ್ಟ. ಭುಜಕ್ಕೆ ಭುಜ ಕೊಟ್ಟು ತಳ್ಳಿದ, ಬಿಟ್ಟ. ಸೊಂಟಕ್ಕೆ ಕೈ ಹಾಕಿ ಒಂದು ಸಲ ಅದುಮಿದ, ಬಿಟ್ಟ. ಮಂದಿಗೆ ತಮಾಷೆ ಅನ್ನಿಸಿತು. ಯಾರೋ ಕೂಗಿದರು: "ಏನಪಾ, ಕುಸ್ತಿ ಆಡಾಕ ಬಂದೀಯೋ, ಎತ್ತು ಕೊಳ್ಳಾಕ ಬಂದೀಯೋ?"

ಕಣವೆಲ್ಲ ನಕ್ಕಿತು. ದುಂಡಪ್ಪನೂ ನಕ್ಕ. ನಗುತ್ತಿದ್ದವನ ಬಾಯಿ ಹಾಗೇ ನಿಂತಿತು. ಅದು ಕುಸ್ತಿಯಲ್ಲ. ಅದು ಅವನದೇ ಕೆಲಸ. ಚಪ್ಪಡಿ ಕಲ್ಲಿನ ಮೇಲೆ ತಾನು ದಿನಾ ಮಾಡುವುದನ್ನು ಆ ಪರವೂರಿನವನು ಕಣದಲ್ಲಿ ಮಾಡುತ್ತಿದ್ದ. ನೋವು ಇದೆ ಎಂದು ಅವನಿಗೆ ಗೊತ್ತು. ಎಲ್ಲಿದೆ ಎಂದು ಹುಡುಕುತ್ತಿದ್ದಾನೆ.

ಯಾರು ಹೇಳಿದರು? ದುಂಡಪ್ಪ ಗಾಬರಿಯಿಂದ ತಲೆ ಎತ್ತಿದ. ಕಣದ ಆಚೆಯಿಂದ ವ್ಯಾಪಾರಿ ಅವನನ್ನೇ ನೋಡುತ್ತಿದ್ದ. ನೋಡುತ್ತಾ ತನ್ನ ಎರಡು ಬೆರಳನ್ನು ಮೂಗಿನ ಹತ್ತಿರ ಒಯ್ದು ಮೂಸಿದ. ಮೂಸಿ ನಕ್ಕ.

ದುಂಡಪ್ಪ ತನ್ನ ಅಂಗೈ ಮೂಸಿ ನೋಡಿಕೊಂಡ. ಬೆಳ್ಳುಳ್ಳಿ, ಅಜವಾನ, ಎಳ್ಳೆಣ್ಣೆ. ಕೆಲಸ ಹಿಡಿದಾಗಿನಿಂದ ಇದ್ದ ವಾಸನೆ ಅವನಿಗೆ ಎಂದೂ ವಾಸನೆ ಅನ್ನಿಸಿರಲಿಲ್ಲ. ಎಣ್ಣೆಗೈಯಿಂದಲೇ ಎತ್ತಿಟ್ಟ ರೊಕ್ಕ, ಎಣ್ಣೆ ಕುಡಿದ ಚೀಲ. ಊರಲ್ಲಿ ಆ ವಾಸನೆಯ ಕೈ ಇನ್ನೊಂದಿಲ್ಲ. ಸಾಕಿದ ಕಾಕಾನೇ, ಮೈ ನೀವುವವನೇ, ಹುಡುಗನ ವಿರುದ್ಧ ಕಟ್ಟಿದ್ದಾನೆ ಎಂದರೆ ಹುಡುಗನ ಮೈಯಲ್ಲಿ ಏನೋ ಮುರಿದಿದೆ ಎಂದು ತಿಳಿಯಲು ಪಂಡಿತ ಬೇಕೇ? ಆ ಮಾತು ವ್ಯಾಪಾರಿಯಿಂದ ಮೇಲೂರವನ ಕಿವಿಗೆ ಹೋಗಿತ್ತು.

ಮೇಲೂರವನು ಬಲಗಾಲಿಗೆ ಕಾಲು ಕೊಟ್ಟ, ಬಿಟ್ಟ.

ಇನ್ನು ಉಳಿದದ್ದು ಒಂದೇ. ದುಂಡಪ್ಪ ಎದ್ದು ನಿಂತ. ಎರಡು ಹೆಜ್ಜೆ ಇಳಿದು ಮಣ್ಣು ಮುಟ್ಟಿದರೆ ಆಯಿತು, ಹುಡುಗ ಉಳಿಯುತ್ತಾನೆ. ಬಗ್ಗಿದರೆ ಸಾಕು. ಬೇರೆ ಯಾವ ದಿನವಾದರೂ ಓಡಿಯೇ ಹೋಗುತ್ತಿದ್ದ. ಆದರೆ ಈಗ ಅವನು ಮಣ್ಣು ಮುಟ್ಟಿದರೆ ಸತ್ಯಪ್ಪ ಸೋಲುತ್ತಾನೆ. ಸತ್ಯಪ್ಪ ಸೋತರೆ ಬಾಜಿ ಇವನದು. ವ್ಯಾಪಾರಿ ಎದ್ದು ನಿಂತು ಕೂಗಿದರೆ? ಇಗೋ ನೋಡಿರಿ, ರೊಕ್ಕಕ್ಕಾಗಿ ಸಾಕಿದ ಮಗನನ್ನು ಸೋಲಿಸಿದವನು ಎಂದು ಕೂಗಿದರೆ? ಊರು ನಂಬುತ್ತದೆ. ಹುಡುಗ ನಂಬುತ್ತಾನೆ. ಬಾಜಿ ಕಟ್ಟದಿದ್ದ ದುಂಡಪ್ಪ ಇಳಿಯಬಹುದಾಗಿದ್ದ ಕಣಕ್ಕೆ ಬಾಜಿ ಕಟ್ಟಿದ ದುಂಡಪ್ಪ ಇಳಿಯಲಾರದೆ ಹೋದ.

ಮೇಲೂರವನ ಕಾಲು ಸತ್ಯಪ್ಪನ ಎಡಗಾಲಿಗೆ ಸುತ್ತಿಕೊಂಡಿತು. ಈ ಸಲ ಬಿಡಲಿಲ್ಲ. ಸತ್ಯಪ್ಪನ ಮುಖ ಬಿಳಿಚಿತು. ಅವನು ಕೂಗಲಿಲ್ಲ, ಪೈಲ್ವಾನ ಕೂಗುವುದಿಲ್ಲ. ಹಿರಿಯರ ಸಾಲಿನತ್ತ ಕತ್ತು ತಿರುಗಿಸಿ ತನ್ನ ಕಾಕಾನನ್ನು ನೋಡಿದ. ನಿಂತಿದ್ದಾನೆ, ಈಗ ಇಳಿಯುತ್ತಾನೆ ಎಂದು ನೋಡಿದ. ದುಂಡಪ್ಪ ಆ ಕಣ್ಣನ್ನು ನೋಡುತ್ತಲೇ ನಿಂತಿದ್ದ.

ಆಮೇಲೆ ಹಸಿ ಕಬ್ಬು ಮುರಿದ ಹಾಗೆ ಸದ್ದಾಯಿತು. ಹಲಗಿ ನಿಂತಿತು.

ಹುಡುಗನನ್ನು ಹೊತ್ತು ತಂದು ಚಪ್ಪಡಿ ಕಲ್ಲಿನ ಮೇಲೆ ಮಲಗಿಸಿದರು. ಯಾರೋ ಕಾಲು ಹಿಡಿಯಲು ಹೋದರೆ ಅವನು ಹಲ್ಲು ಕಚ್ಚಿಕೊಂಡು, "ಯಾರೂ ಮುಟ್ಟಬ್ಯಾಡ್ರಿ, ನಮ್ಮ ಕಾಕಾ ಬರ್ಲಿ," ಎಂದ. ದುಂಡಪ್ಪ ಬಂದ. ಕೈ ಇಟ್ಟ. ಅವನ ಕಣ್ಣೀರು ಹುಡುಗನ ಮೊಳಕಾಲಿನ ಮೇಲೆ ಬಿತ್ತು. ಅದನ್ನು ಕಂಡು ಹುಡುಗನೇ ಸಮಾಧಾನ ಹೇಳಿದ: "ಅಳಬ್ಯಾಡ ಕಾಕಾ, ನಿಂದೇನು ತಪ್ಪು? ನನ್ನ ಹಣೇಬರಾ. ಆದ್ರ ಅಂವಗ ಹೆಂಗ ತಿಳೀತು? ನೀ ನಾ ಬಿಟ್ರ ಯಾರಿಗೂ ಗೊತ್ತಿರಲಿಲ್ಲ ನೋಡು." ಹಾಗೆಂದು 'ಯಾರು' ಎಂದು ಯೋಚಿಸುತ್ತಾ ಮಲಗಿದ. ಆ ಯೋಚನೆ ಊರೆಲ್ಲ ಸುತ್ತಿತು. ಪಕ್ಕದಲ್ಲಿ ಕೂತವನ ಹತ್ತಿರ ಮಾತ್ರ ಬರಲಿಲ್ಲ.

ಆ ಕಾಲು ಮತ್ತೆ ನೆಟ್ಟಗಾಗಲಿಲ್ಲ. ಕೋಲು ಬಂತು.

ಸ್ವಲ್ಪ ದಿನ ಬಿಟ್ಟು ಹಾಡಹಗಲಲ್ಲಿ ವ್ಯಾಪಾರಿ ಮನೆಗೆ ಬಂದ. ಒಳಗೆ ಹುಡುಗ ಹೊರಸಿನ ಮೇಲೆ ಮಲಗಿದ್ದ. ವ್ಯಾಪಾರಿ ಹೊಸ್ತಿಲ ಹೊರಗೇ ನಿಂತು ಗಂಟೊಂದನ್ನು ನೀಡಿದ. ದುಂಡಪ್ಪ ಕೈ ಮುಗಿದು, ಮೆಲ್ಲಗೆ ಮಾತಾಡ್ರಿ ಎಂದು ಬೇಡಿಕೊಂಡ.

"ನಾ ಯಾಕ ಒದರ್ಲಿ? ಗೆದ್ದೀ, ತಗೋ. ನಾನು ಲೆಕ್ಕ ತಪ್ಪುವವ ಅಲ್ಲ. ಮುಂದಿನ ಜೋಡಿ ಕಟ್ಟಿದಾಗ ಮತ್ತ ಬಾ. ನೀ ಬರದಿದ್ರ ನಾನ ಬರ್ತೀನಿ, ಹುಡುಗನ್ನ ಮಾತಾಡಿಸಿದ ಹಂಗೂ ಆಗ್ತೈತಿ," ಎಂದು ವ್ಯಾಪಾರಿ ನಕ್ಕು ಹೋದ.

ದುಂಡಪ್ಪ ಆ ಗಂಟನ್ನು ಬಿಚ್ಚಲಿಲ್ಲ, ಎಸೆಯಲೂ ಇಲ್ಲ. ಎಣ್ಣೆ ಗಡಿಗೆಗಳ ಹಿಂದೆ ತುರುಕಿದ. ಎಮ್ಮೆ ಬರಲಿಲ್ಲ. ಎಮ್ಮೆ ತಂದರೆ ರೊಕ್ಕ ಎಲ್ಲಿಂದ ಬಂತು ಎಂದು ಹುಡುಗ ಕೇಳುತ್ತಾನಲ್ಲ! ಬಾಗಿಲು ಸಪ್ಪಳವಾದರೆ ಬೆಚ್ಚುತ್ತಿದ್ದ. ಹುಡುಗ "ಕಾಕಾ, ಒಂದು ಮಾತು" ಎಂದರೆ ಮೊದಲು ಗಡಿಗೆಗಳ ಕಡೆ ನೋಡುತ್ತಿದ್ದ. ಹುಡುಗ ನೀರು ಕೇಳಲು ಕರೆದಿರುತ್ತಿದ್ದ, ಅಷ್ಟೇ.

ಮುಂದಿನ ಜೋಡಿ ಕಟ್ಟಿದರು. ದುಂಡಪ್ಪ ಹೋಗಿ ಬಾಜಿ ಕಟ್ಟಿ ಬಂದ. ಛೇ ಅನ್ನಬೇಡ, ಹೋಗದೆ ಏನು ಮಾಡುತ್ತಾನೆ? ಅದರ ಮುಂದಿನ ಜೋಡಿಗೂ ಕಟ್ಟಿದ. ಬಾಯಲ್ಲಿ ಎಲೆ ಅಡಿಕೆ ತುಂಬಿಯೇ ಇತ್ತು, ಒಂದು ಅಕ್ಷರವನ್ನೂ ಅವನು ಯಾರಿಗೂ ಹೇಳಲಿಲ್ಲ. ಒಬ್ಬನ ಭುಜ ಹೋಯಿತು. ಇನ್ನೊಬ್ಬನ ಪಕ್ಕೆ ಮುರಿಯಿತು. ಗರಡಿಗೆ ಯಾರೋ ಮಾಟ ಮಾಡಿಸಿದ್ದಾರೆ ಎಂದು ಮಂದಿ ಮಾತಾಡಿಕೊಂಡರು, ನಿಂಬೆಹಣ್ಣು ಕಟ್ಟಿದರು. ಪೈಲ್ವಾನರಿಗೆ ಅಂಜಿಕೆ ಹತ್ತಿತು. ಅಂಜಿದವರು ಮೊದಲಿಗಿಂತ ಹೆಚ್ಚಾಗಿ ದುಂಡಪ್ಪನ ಹತ್ತಿರವೇ ಬರತೊಡಗಿದರು.

ಅವನು ಅವರ ಮೈಮೇಲೆ ಕೈ ಆಡಿಸುತ್ತಿದ್ದ. ಹೆಬ್ಬೆರಳು ಎಲ್ಲೋ ಒಂದು ಕಡೆ ನಿಲ್ಲುತ್ತಿತ್ತು. ಮೊದಲೆಲ್ಲ ಹಾಗೆ ನಿಂತಾಗ ಅಯ್ಯೋ ಪಾಪ ಅನ್ನಿಸುತ್ತಿತ್ತು. ಈಗ ಅಯ್ಯೋ ಅನ್ನುವ ಮೊದಲೇ ಒಳಗಿನವನು ಹೇಳಿಬಿಡುತ್ತಿದ್ದ: ಇವನು ಸೋಲುತ್ತಾನೆ. ವ್ಯಾಪಾರಿಗಿಂತ, ಊರಿಗಿಂತ, ದುಂಡಪ್ಪನಿಗೆ ಹೆಚ್ಚು ಭಯವಾದದ್ದು ಆ ದನಿಗೆ. ಅದು ಅವನು ಮಲಗಿದರೂ ಸುಮ್ಮನಾಗುತ್ತಿರಲಿಲ್ಲ. ನಿಂತ ಹಸುವನ್ನು ಕಂಡರೂ, ಎದುರಿಗೆ ಬಂದ ಮನುಷ್ಯನನ್ನು ಕಂಡರೂ, ಇವನಿಗೆಲ್ಲಿ ಮುರಿದಿದೆ ಎಂದೇ ಕೇಳುತ್ತಿತ್ತು.

ಕುಂಟ ಸತ್ಯಪ್ಪ ಈಗ ಗರಡಿಯಲ್ಲೇ ಕೂಡುತ್ತಿದ್ದ. ಕಾಕಾನಿಗೆ ಎಣ್ಣೆ ಕಾಯಿಸಿ ಕೊಡುವುದು ಅವನ ಕೆಲಸ. ಹೊಸ ಹುಡುಗರು ಚಪ್ಪಡಿಯ ಮುಂದೆ ಹಿಂಜರಿದು ನಿಂತರೆ ಅವನೇ ಧೈರ್ಯ ಹೇಳುತ್ತಿದ್ದ: "ಮಲಗ್ರೋ. ನಮ್ಮ ಕಾಕಾನ ಕೈಯಾಗ ಮೈ ಕೊಟ್ರ ಯಾವ ಅಂಜಿಕಿನೂ ಇಲ್ಲ."

ಹುಡುಗರು ಮಲಗುತ್ತಿದ್ದರು.

ಅಜ್ಜನವರು ಅಲ್ಲಿಗೆ ಕತೆ ನಿಲ್ಲಿಸಿ ಜೋಳವನ್ನು ಮೊರದಲ್ಲಿ ಕೇರಿದರು. ಸೋಮಲಿಂಗನ ಅಂಗಿಯ ಕಿಸೆಯಲ್ಲಿ ಫೋನು ಒಂದು ಸಲ ಗುರುಗುಟ್ಟಿತು. ಅವನು ಅದರ ಮೇಲೆ ಕೈ ಇಟ್ಟುಕೊಂಡ. ಕೊನೆಗೆ ಧೈರ್ಯ ಮಾಡಿ ಅಂದ:

"ಅದು ಆ ಕಾಲ, ಅಜ್ಜಾರ. ದುಂಡಪ್ಪನ ರೊಕ್ಕಕ್ಕ ವಾಸನಿ ಇತ್ತು, ಸಿಕ್ಕಿಬಿದ್ದ. ಈಗಿನ ಬಾಜಿ ಎಲ್ಲಾ ಫೋನಿನಾಗ. ಯಾರು ಕಟ್ಟಿದ್ರು, ಯಾರ ಮ್ಯಾಲ ಕಟ್ಟಿದ್ರು, ಒಂದು ನರಪಿಳ್ಳಿಗೂ ತಿಳಿಯಂಗಿಲ್ಲ."

"ಹೌದಾ? ಹಂಗಾದ್ರ ಚಿಂತಿ ಇಲ್ಲ ಬಿಡು," ಎಂದರು ಅಜ್ಜನವರು. ಮೊರವನ್ನು ಬದಿಗಿಟ್ಟು ಮೊದಲ ಸಲ ತಲೆ ಎತ್ತಿ ಅವನ ಮುಖ ನೋಡಿದರು.

"ನಾಳಿನ ಆಟಕ್ಕ ನಿನ್ನ ಹುಡುಗರೊಳಗ ಯಾರ ಕಾಲು ನೋಯಾಕತ್ತೈತಿ ಅಂತ ನಾ ಕೇಳಂಗಿಲ್ಲ ಸೋಮಲಿಂಗಾ, ನೀ ಯಾವ ತಂಡದ ಮ್ಯಾಲ ಕಟ್ಟೀದಿ, ಅಷ್ಟ ಹೇಳು."

ಸೋಮಲಿಂಗ ಕಿಸೆಯ ಫೋನನ್ನು ಇನ್ನಷ್ಟು ಬಿಗಿಯಾಗಿ ಒತ್ತಿ ಹಿಡಿದ.